ಕೈಕೊಡುತ್ತಿರುವ ಎಕ್ಸ್‌ಟರ್ನಲ್ ಹಾರ್ಡ್‌ ಡಿಸ್ಕ್‌ನಿಂದ ಡೇಟಾ ಉಳಿಸಿಕೊಳ್ಳುವುದು ಹೇಗೆ

ಮೊದಲು ಡಿಸ್ಕ್‌ನ ಸದ್ದು ಕೇಳಿ. ಟಕ್ ಟಕ್ ಅಂತಲೋ, ಉಜ್ಜಿದ ಹಾಗೋ ಸದ್ದು ಬಂದರೆ ತಕ್ಷಣ ತೆಗೆದುಬಿಡಿ. ಅದು ಡೇಟಾ ಓದುವ ಒಳಗಿನ ಹೆಡ್‌ ಕೆಟ್ಟಿರುವ ಲಕ್ಷಣ, ಮನೆಯಲ್ಲಿ ಸರಿಹೋಗುವುದಿಲ್ಲ. ಡೇಟಾ ನಿಜಕ್ಕೂ ಬೇಕೇ ಬೇಕು ಅಂದರೆ ರಿಕವರಿ ಲ್ಯಾಬ್‌ಗೆ ಕೊಡಿ. ಫ್ರೀಜರ್‌ನಲ್ಲಿಡುವುದು, ಬಿಚ್ಚಿ ನೋಡುವುದು ಬೇಡವೇ ಬೇಡ.

ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೆ ಹಾಕಿ. ಎಷ್ಟೋ ಸಲ ತಪ್ಪು ಕೇಬಲ್‌ದೇ ಆಗಿರುತ್ತದೆ. ‘ಫಾರ್ಮ್ಯಾಟ್ ಮಾಡಬೇಕಾ?’ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಚೆಕ್‌ಡಿಸ್ಕ್ (ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಟೂಲ್) ಕೂಡ ಓಡಿಸಬೇಡಿ, ಅದು ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತದೆ.

ಡಿಸ್ಕ್ ತೆರೆಯುತ್ತಿದ್ದರೆ ತೀರಾ ಮುಖ್ಯವಾದ ಫೈಲ್‌ಗಳನ್ನು ಮೊದಲು ಕಾಪಿ ಮಾಡಿಕೊಳ್ಳಿ. ಕಾಪಿ ಮಧ್ಯೆ ನಿಂತುಹೋಗುತ್ತಿದ್ದರೆ ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ, ಇಡೀ ಡಿಸ್ಕ್‌ನ ಇಮೇಜ್ ತೆಗೆಯಿರಿ, ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಹಾಗೇ ಒಂದೇ ಫೈಲ್‌ಗೆ ನಕಲು ಮಾಡಿ. ಅದಕ್ಕೆ ಲಿನಕ್ಸ್‌ನ ಡಿಡಿರೆಸ್ಕ್ಯೂ (ddrescue) ಅನ್ನುವ ಟೂಲ್ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಅದು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಮ್ಯಾಪ್ ಫೈಲ್ (ಎಲ್ಲೆಲ್ಲಿ ಓದಿಯಾಯಿತು ಅನ್ನುವ ಲೆಕ್ಕ ಇಡುವ ಫೈಲ್) ಕೊಡುವುದನ್ನು ಮರೆಯಬೇಡಿ, ಅದಿದ್ದರೆ ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಇಮೇಜ್ ಇಡುವ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಲಿ. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಎರಡು ಸಲ ನೋಡಿಕೊಳ್ಳಿ, ಅದಲುಬದಲಾದರೆ ಎಲ್ಲ ಹೋಯಿತು. 1 ಟಿಬಿ ಡಿಸ್ಕ್‌ಗೆ ದಿನಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ.

ಇಮೇಜ್ ಸಿಕ್ಕಿತು ಅಂದರೆ ಹಳೆಯ ಡಿಸ್ಕ್ ತೆಗೆದಿಡಿ. ಇನ್ನು ಮುಂದಿನದೆಲ್ಲ ಇಮೇಜ್ ಮೇಲೆ, ಆದಷ್ಟು ಅದರ ಇನ್ನೊಂದು ಕಾಪಿ ಮೇಲೆ. ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಕಾಣದಿದ್ದರೆ ಟೆಸ್ಟ್‌ಡಿಸ್ಕ್, ಫೈಲ್‌ಗಳನ್ನಷ್ಟೇ ಹೆಕ್ಕಬೇಕಾದರೆ ಫೋಟೋರೆಕ್. ಎರಡೂ ಉಚಿತ ಟೂಲ್‌ಗಳು. ಫೋಟೋರೆಕ್‌ನಲ್ಲಿ ಫೈಲ್‌ಗಳ ಹಳೆಯ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ, ಆಮೇಲೆ ಕೂತು ವಿಂಗಡಿಸಬೇಕಾಗುತ್ತದೆ.