ಮುಖವೂ ಕಾಣಲಿ, ಅರಮನೆಯ ದೀಪವೂ ಉಳಿಯಲಿ: ನಿಧಾನ ಶಟರ್‌ನೊಂದಿಗೆ ಫ್ಲ್ಯಾಶ್ ಬಳಸುವ ಬಗೆ

ಭಾನುವಾರ ಸಂಜೆ ದೀಪ ಹೊತ್ತಿದ ಮೈಸೂರು ಅರಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ, ಫ್ಲ್ಯಾಶ್ ಹಾಕಿ ತೆಗೆದ ಎಷ್ಟೋ ಚಿತ್ರಗಳಲ್ಲಿ ಮುಖಗಳು ಬಿಳಚಿಕೊಂಡಿರುತ್ತವೆ, ಅರಮನೆ ಮಂಕಾಗಿರುತ್ತದೆ. ಫ್ಲ್ಯಾಶ್ ಹಾಕಿದೊಡನೆ ಅನೇಕ ಕ್ಯಾಮೆರಾಗಳು ತಾವಾಗಿಯೇ ಶಟರನ್ನು (ಬೆಳಕನ್ನು ಒಳಬಿಡಲು ತೆರೆದು ಮುಚ್ಚುವ ಪರದೆ) 1/60 ಸೆಕೆಂಡಿನ ಆಸುಪಾಸಿನಲ್ಲಿ ನಿಲ್ಲಿಸುತ್ತವೆ. ದೂರದ ದೀಪಗಳ ಬೆಳಕು ಸಂಗ್ರಹವಾಗಲು ಅಷ್ಟು ಸಮಯ ಸಾಲುವುದಿಲ್ಲ.

ಇಂಥ ಚಿತ್ರದಲ್ಲಿ ಎರಡು ಬೆಳಕುಗಳಿವೆ, ಅವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಫ್ಲ್ಯಾಶ್ ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಕಾಲ ಬೆಳಗುವುದರಿಂದ, ಶಟರ್ 1/60ರಲ್ಲಿರಲಿ, 1/4ರಲ್ಲಿರಲಿ, ಅದು ಮುಖಕ್ಕೆ ಕೊಡುವ ಬೆಳಕು ಬದಲಾಗುವುದಿಲ್ಲ. ದೂರ ಇಮ್ಮಡಿಯಾದರೆ ಫ್ಲ್ಯಾಶ್ ಬೆಳಕು ಕಾಲುಭಾಗಕ್ಕೆ ಇಳಿಯುವ ಕಾರಣ ಅದು ಅರಮನೆಯನ್ನು ತಲುಪುವುದೂ ಇಲ್ಲ. ಆದ್ದರಿಂದ ಹಿನ್ನೆಲೆಯನ್ನು ಶಟರಿನಿಂದ, ಮುಖವನ್ನು ಫ್ಲ್ಯಾಶ್‌ನ ಶಕ್ತಿಯಿಂದ ಹೊಂದಿಸಿಕೊಳ್ಳಬೇಕು. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ, ಎಫ್ ಸಂಖ್ಯೆ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಈ ಎರಡೂ ಬೆಳಕುಗಳ ಮೇಲೆ ಪರಿಣಾಮ ಬೀರುತ್ತವೆ. ಅವನ್ನು ಒಮ್ಮೆ ನಿಗದಿಮಾಡಿ ಹಾಗೆಯೇ ಬಿಡುವುದು ಒಳ್ಳೆಯದು.

ಮೊದಲು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿರಿಸಿ, ಮ್ಯಾನುಯಲ್ ಮೋಡ್‌ನಲ್ಲಿ ಐಎಸ್‌ಒ 400, ಎಫ್/4, 1/8 ಸೆಕೆಂಡ್ ಇಟ್ಟು, ಫ್ಲ್ಯಾಶ್ ಇಲ್ಲದೆ ಅರಮನೆಯನ್ನಷ್ಟೇ ತೆಗೆದು ನೋಡಿ. ದೀಪಗಳು ಒಂದರೊಳಗೊಂದು ಕರಗಿದಂತೆ ಕಂಡರೆ 1/15ಕ್ಕೆ ಬನ್ನಿ, ಕಮಾನುಗಳ ವಿವರ ಮುಚ್ಚಿಹೋಗಿದ್ದರೆ 1/4ಕ್ಕೆ ಇಳಿಯಿರಿ. ಹಿನ್ನೆಲೆ ಮನಸ್ಸಿಗೆ ಒಪ್ಪಿದ ಮೇಲೆಯೇ ಜನರನ್ನು ಎರಡು ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ ಫ್ಲ್ಯಾಶ್ ಹಾಕಬೇಕು. ಟಿಟಿಎಲ್ ಫ್ಲ್ಯಾಶ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಶಕ್ತಿಯನ್ನು ತಾನೇ ಹೊಂದಿಸಿಕೊಳ್ಳುವಂಥದ್ದು) ಆದರೆ ಅದರ ಶಕ್ತಿಯನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ತಗ್ಗಿಸಿ ಆರಂಭಿಸಿದಾಗ ಮುಖದ ಬೆಳಕು ಸುತ್ತಲಿನ ಸಂಜೆಗೆ ಹೊಂದಿಕೊಳ್ಳುತ್ತದೆ.

ಬಹಳಷ್ಟು ಚಿತ್ರಗಳು ಕೆಡುವುದು ಮಿಂಚು ಹೊಳೆದ ನಂತರದ ಕ್ಷಣದಲ್ಲಿ. ಶಟರ್ ಇನ್ನೂ ತೆರೆದಿರುವಾಗಲೇ ನಿಂತವರು ಕದಲಿದರೆ, ಅವರ ಮೈ ಮರೆಮಾಡಿದ್ದ ಜಾಗದಲ್ಲಿ ಅರಮನೆಯ ದೀಪಗಳು ಮೂಡಿ ಭುಜದ ಅಂಚು ಪಾರದರ್ಶಕವಾದಂತೆ ಕಾಣುತ್ತದೆ. ಹೀಗಾಗಿ ಚಿತ್ರ ಪೂರ್ತಿಯಾಯಿತೆಂದು ನೀವು ಹೇಳುವವರೆಗೂ ಅಲುಗಾಡದಿರಲು ಮೊದಲೇ ತಿಳಿಸಿ.

ಬಣ್ಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹೊಂಬಣ್ಣದ ದೀಪಗಳೆದುರು ಫ್ಲ್ಯಾಶ್ ಬೆಳಕು ನೀಲಿಗೆ ವಾಲಿದಂತೆ ತೋರುವುದರಿಂದ, ಅದರ ಮುಂದೆ ತೆಳು ಕಿತ್ತಳೆ ಬಣ್ಣದ ಜೆಲ್ ಹಾಳೆ ಕಟ್ಟಿಕೊಳ್ಳಿ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣವನ್ನು ತಿದ್ದುವ ಸೆಟ್ಟಿಂಗ್) ಹಗಲು ಬೆಳಕಿನಲ್ಲಿಯೇ ಇಡುವುದು ನನಗೆ ಸರಿ ಎನಿಸುತ್ತದೆ. ಪೂರ್ತಿ ತಿದ್ದಿದರೆ ಅರಮನೆಯ ಚಿನ್ನದ ಕಾಂತಿಯೇ ಹೊರಟುಹೋಗುತ್ತದೆ.

ಅರಮನೆಯ ಹೊರಗೆ ದೀಪ ಹಚ್ಚಿಕೊಂಡು ಓಡುವ ಟಾಂಗಾವನ್ನು ಸೆರೆಹಿಡಿಯುವಾಗ ‘ರಿಯರ್ ಕರ್ಟನ್’ ಸೆಟ್ಟಿಂಗ್ ಆರಿಸಿಕೊಳ್ಳಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಶಟರ್ ತೆರೆದೊಡನೆ ಫ್ಲ್ಯಾಶ್ ಬೆಳಗುವುದರಿಂದ ದೀಪದ ಗೆರೆ ಗಾಡಿಯ ಮುಂದಕ್ಕೆ ಚಾಚಿ, ಅದು ಹಿಂದಕ್ಕೆ ಚಲಿಸುತ್ತಿರುವಂತೆ ಕಾಣುತ್ತದೆ. ರಿಯರ್ ಕರ್ಟನ್‌ನಲ್ಲಿ ಫ್ಲ್ಯಾಶ್ ಶಟರ್ ಮುಚ್ಚುವ ಮುನ್ನ ಬೆಳಗುವ ಕಾರಣ ಗೆರೆ ಗಾಡಿಯ ಹಿಂದೆ ಉಳಿಯುತ್ತದೆ. ನಿಂತವರ ಚಿತ್ರಕ್ಕೆ ಮಾತ್ರ ಮಾಮೂಲಿ ಸೆಟ್ಟಿಂಗ್ ವಾಸಿ, ಏಕೆಂದರೆ ರಿಯರ್ ಕರ್ಟನ್‌ನಲ್ಲಿ ಟಿಟಿಎಲ್ ಫ್ಲ್ಯಾಶ್ ಬೆಳಕನ್ನು ಅಳೆಯಲು ಶುರುವಿನಲ್ಲಿಯೇ ಒಮ್ಮೆ ಮಿನುಗುತ್ತದೆ, ಅದನ್ನೇ ಚಿತ್ರವೆಂದು ತಿಳಿದ ಜನ ನಿಜವಾದ ಮಿಂಚು ಬರುವ ಮೊದಲೇ ಮುಖ ತಿರುಗಿಸಿಬಿಡುತ್ತಾರೆ.