ಕೊಬ್ಬು ಬೆರೆಸದ ಜಿಂಕೆ ಖೀಮಾ: ಮುಕ್ಕಾಲು ಗಂಟೆಯಲ್ಲಿ ರಾತ್ರಿಯೂಟ

ಜಿಂಕೆ ಖೀಮಾಕ್ಕೆ ಹಂದಿ ಕೊಬ್ಬು ಸೇರಿಸದೆ ಹುರಿದರೆ ಹೊಟ್ಟು ತಿಂದಂತಿರುತ್ತದೆ ಅನ್ನದವರಿಲ್ಲ. ಕಿಲೋಗೆ ಇನ್ನೂರು ಗ್ರಾಂ ಕೊಬ್ಬು ಹಾಕು, ಇಲ್ಲದಿದ್ದರೆ ಆ ಮಾಂಸದ ಆಸೆ ಬಿಡು ಅನ್ನುವುದೇ ಎಲ್ಲರ ಸಲಹೆ. ಕೊಬ್ಬು ಹಾಕಿದರೆ ರುಚಿ ಬರುತ್ತದೆ, ಸುಳ್ಳಲ್ಲ. ಆದರೆ ತೆಳು ಮಾಂಸ ಬೇಕೆಂದು ಹೆಚ್ಚು ದುಡ್ಡು ಕೊಟ್ಟು ತಂದು, ಮತ್ತೆ ಅದಕ್ಕೇ ದುಡ್ಡು ಕೊಟ್ಟು ಕೊಬ್ಬು ಬೆರೆಸುವುದು ಯಾವ ಲೆಕ್ಕ? ಈಗ ನಾನು ಕೊಬ್ಬಿಲ್ಲದೆ, ಅರ್ಧ ಕಿಲೋ ಖೀಮಾಕ್ಕೆ ಒಂದೂವರೆ ದೊಡ್ಡ ಚಮಚ ಎಣ್ಣೆಯಲ್ಲಿ, ಒಂದೇ ಬಾಣಲೆಯಲ್ಲಿ ನಾಲ್ವರಿಗೆ ಆಗುವಷ್ಟು ಮಾಡುತ್ತೇನೆ. ಆಗಲ್ಲ ಅಂದವರೇ ಎರಡನೇ ಸಲ ಬಡಿಸಿಕೊಂಡಿದ್ದಾರೆ.

ಜಿಂಕೆ ಅಂದರೆ ಸಾಕಣೆಯದ್ದು, ಇಲ್ಲವೇ ಪರವಾನಗಿ ಇರುವ ಬೇಟೆಯದ್ದು. ಕಾನೂನು ಒಪ್ಪದ ಕಡೆ ಈ ಮಾತೇ ಬೇಡ. ಎಲ್ಕ್ (ದೊಡ್ಡ ಜಾತಿಯ ಜಿಂಕೆ), ಬೈಸನ್ (ಅಮೆರಿಕದ ಕಾಡೆಮ್ಮೆ) ಖೀಮಾಕ್ಕೂ ಇದೇ ಕ್ರಮ ನಡೆಯುತ್ತದೆ. ಕಾಡುಹಂದಿಯದ್ದು ಬೇರೆ ಕಥೆ, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲರೂ ಎಡವುವುದು ಒಂದೇ ಕಡೆ. ಖೀಮಾ ಒಣಗುವುದು ಕೊಬ್ಬು ಕಡಿಮೆಯಾಗಿ ಅಂದುಕೊಳ್ಳುತ್ತಾರೆ. ನಿಜದಲ್ಲಿ ಹೋಗುವುದು ನೀರು. ಕೊಬ್ಬಿರುವ ಖೀಮಾದಲ್ಲೂ ಅಷ್ಟೇ ನೀರು ಹೋಗುತ್ತದೆ, ಕರಗಿದ ಕೊಬ್ಬು ಆ ತಪ್ಪನ್ನು ಮುಚ್ಚಿಡುತ್ತದೆ. ಚೆನ್ನಾಗಿ ಬಿಡಿಸಿದ ಜಿಂಕೆ ಮಾಂಸದಲ್ಲಿ ನೂರು ಗ್ರಾಂಗೆ ಎರಡು ಮೂರು ಗ್ರಾಂ ಕೊಬ್ಬಿದ್ದರೆ ಹೆಚ್ಚು. ಮುಚ್ಚಿಡಲು ಏನೂ ಇಲ್ಲ. ಹಾಗಾಗಿ ನೀರನ್ನು ಹಿಡಿದಿಡುವ ದಾರಿ ಹುಡುಕಬೇಕು.

ಮೊದಲು ಮಾಂಸದ ಮಾತು. ಸಿದ್ಧ ಖೀಮಾ ಪೊಟ್ಟಣ ಕೊಳ್ಳುವವರು ಹಿಂದಿನ ಚೀಟಿ ಓದಿ. ಹಲವು ಪೊಟ್ಟಣಗಳಲ್ಲಿ ಕೊಬ್ಬು ಮೊದಲೇ ಬೆರೆತಿರುತ್ತದೆ, ಶೇಕಡಾ ಏಳೆಂಟರಿಂದ ಹದಿನೈದರವರೆಗೂ. ತೆಳು ಮಾಂಸದ ಬೆಲೆಯಲ್ಲಿ ಕೊಬ್ಬು ಕೊಂಡಂತೆ. ನಾನು ಭುಜದ ತುಂಡು ತಂದು ಮನೆಯಲ್ಲೇ ಅರೆಯುತ್ತೇನೆ. ಕಿಲೋಗೆ ನೂರೈವತ್ತು ಇನ್ನೂರು ಗ್ರಾಂ ಬಿಳಿ ಪೊರೆ, ನರ, ಕೊಬ್ಬು ಬಿಡಿಸಿ ಎಸೆಯಬೇಕಾಗುತ್ತದೆ. ಆ ನಷ್ಟ ಹಿಡಿದರೂ ಸಿದ್ಧ ಖೀಮಾಕ್ಕಿಂತ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಅರೆಯುವ ಯಂತ್ರದ ದುಡ್ಡು ಹದಿನೈದು ಇಪ್ಪತ್ತು ಕಿಲೋ ಅರೆಯುವಷ್ಟರಲ್ಲಿ ವಾಪಸ್ ಬಂತು. ಕೈಯಿಂದ ತಿರುಗಿಸುವುದೇ ಸಾಕು.

ಬಿಡಿಸುವಾಗ ಜಿಪುಣತನ ಮಾಡಬೇಡಿ. ಜಿಂಕೆ ಕೊಬ್ಬು ಬಾಯಿಯ ಶಾಖಕ್ಕೆ ಕರಗುವುದಿಲ್ಲ. ತಟ್ಟೆ ತಣ್ಣಗಾಗುತ್ತಿದ್ದಂತೆ ಮೇಣದ ಹಾಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಕೌಚು ವಾಸನೆ ಎಂದು ದೂರುತ್ತಾರಲ್ಲ, ಅದರ ಬಹುಪಾಲು ಬರುವುದು ಈ ಕೊಬ್ಬಿನಿಂದಲೇ. ಪೊರೆ ಉಳಿದರೆ ಅರೆಯುವಾಗ ಅಲಗಿಗೆ ದಾರದಂತೆ ಸುತ್ತಿಕೊಳ್ಳುತ್ತದೆ, ಆಮೇಲೆ ಯಂತ್ರ ಮಾಂಸವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಾಲರಿಯಿಂದ ಎಳೆ ಎಳೆಯಾಗಿ ಬರಬೇಕಾದದ್ದು ಲೇಪದಂತೆ ಬಂದರೆ ಅಲ್ಲೇ ನಿಲ್ಲಿಸಿ ಬಿಚ್ಚಿ ತೊಳೆಯಿರಿ. ಆ ಲೇಪವನ್ನು ಬಾಣಲೆಗೆ ಹಾಕಿದರೆ ಯಾವ ಉಪಾಯವೂ ಉಳಿಸುವುದಿಲ್ಲ. ತುಂಡುಗಳನ್ನು ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟು, ಅಂಚು ಗಟ್ಟಿಯಾಗಿ ಮಧ್ಯ ಮಾತ್ರ ಬಗ್ಗುವಂತಿರುವಾಗ, ಎಂಟು ಮಿಲಿಮೀಟರ್ ಜಾಲರಿಯಲ್ಲಿ ಒಂದೇ ಸಲ ಅರೆಯಿರಿ. ಎರಡು ಸಲ ಸಣ್ಣಗೆ ಅರೆದ ಖೀಮಾ ಪ್ಯಾಟಿಗೆ (ಬರ್ಗರಿನೊಳಗೆ ಇಡುವ ಚಪ್ಪಟೆ ಬಿಲ್ಲೆಗೆ) ಸರಿ, ಈ ಅಡುಗೆಗೆ ಬೇಡ. ಎಳೆ ಸಣ್ಣದಾದಷ್ಟೂ ನೀರು ಬೇಗ ಬಿಡುತ್ತದೆ.

ಬೇಟೆಯ ಮಾಂಸವಾದರೆ ಇನ್ನೊಂದು ಮಾತು. ಸೀಸದ ಗುಂಡು ತಗುಲಿದ ಕಡೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗೇಣು ದೂರದವರೆಗೂ ಹರಡಿರಬಹುದು. ಅರೆದ ಮೇಲೆ ಅವು ಇಡೀ ಖೀಮಾದಲ್ಲಿ ಸೇರಿಹೋಗುತ್ತವೆ. ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಹಾಗಿದ್ದರೂ ಮಕ್ಕಳಿಗೆ, ಗರ್ಭಿಣಿಯರಿಗೆ ಸೀಸದ ಗುಂಡಿನ ಮಾಂಸ ಬಡಿಸುವುದಿಲ್ಲ. ತಾಮ್ರದ ಗುಂಡಾದರೆ ಆ ಚಿಂತೆಯಿಲ್ಲ.

ಈಗ ಮುಖ್ಯ ಸಂಗತಿ, ಅಡುಗೆ ಸೋಡಾ. ಅರ್ಧ ಕಿಲೋ ಖೀಮಾಕ್ಕೆ ಕಾಲು ಟೀ ಚಮಚ ಸೋಡಾ, ಅದರ ಮೇಲೆ ಒಂದು ಚಿಟಿಕೆ. ಒಂದೂವರೆ ದೊಡ್ಡ ಚಮಚ ನೀರಿನಲ್ಲಿ ಕದಡಿ, ಖೀಮಾದ ಮೇಲೆ ಚಿಮುಕಿಸಿ, ಬೆರಳ ತುದಿಯಲ್ಲಿ ಬಿಡಿಬಿಡಿಯಾಗಿ ಕಲಸಿ ಹದಿನೈದು ನಿಮಿಷ ಬಿಡಿ. ಹಿಟ್ಟಿನಂತೆ ನಾದಬಾರದು. ಸೋಡಾ ಮಾಂಸದ ಹುಳಿ ತಗ್ಗಿಸುತ್ತದೆ, ಆಗ ಕಾವು ತಗುಲಿದರೂ ಎಳೆಗಳು ಬಿಗಿಯಾಗಿ ಹಿಂಡಿಕೊಳ್ಳುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಕಂದು ಬಣ್ಣವೂ ಬೇಗ ಹಿಡಿಯುತ್ತದೆ. ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ: ಸೋಡಾ ಇಲ್ಲದ ಅರ್ಧ ಕಿಲೋ ಹುರಿದ ಮೇಲೆ ಮುನ್ನೂರ ಮೂವತ್ತು ಗ್ರಾಂ ಆಸುಪಾಸು, ಸೋಡಾ ಹಾಕಿದ್ದು ಮುನ್ನೂರ ಎಂಬತ್ತರ ಹತ್ತಿರ. ಆ ಐವತ್ತು ಗ್ರಾಂ ನೀರಿನಲ್ಲೇ ಇದೆ ಹೊಟ್ಟಿಗೂ ಖೀಮಾಕ್ಕೂ ಇರುವ ವ್ಯತ್ಯಾಸ.

ಇದರಲ್ಲೂ ಮೂರು ಸಲ ಕೆಡಿಸಿದ್ದಿದೆ. ಅರ್ಧ ಚಮಚಕ್ಕಿಂತ ಹೆಚ್ಚು ಹಾಕಿದಾಗ ಸಾಬೂನಿನ ರುಚಿ ಬಂತು, ನಿಂಬೆ ಹಿಂಡಿದರೂ ಹೋಗಲಿಲ್ಲ. ಒಂದು ಗಂಟೆ ನೆನೆಸಿದಾಗ ಬಿಡಿಬಿಡಿ ಹೋಗಿ ಮೆತ್ತಗಾಯಿತು. ಇನ್ನೊಮ್ಮೆ ಉಪ್ಪನ್ನೂ ಸೋಡಾದ ಜೊತೆಗೇ ಸೇರಿಸಿದ್ದು ದೊಡ್ಡ ತಪ್ಪು. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟು ಮಾಡುತ್ತದೆ, ಬಾಣಲೆಯಲ್ಲಿ ಸಾಸೇಜಿನ ಹಾಗೆ ಪುಟಿಯುವ ಗಡ್ಡೆಗಳಾದವು. ಉಪ್ಪು ಬೀಳಬೇಕಾದದ್ದು ಮಾಂಸ ಕಂದು ಬಂದ ಮೇಲೆಯೇ.

ಸೋಡಾ ನೆನೆಯುವ ಹೊತ್ತಿನಲ್ಲಿ ನೂರೈವತ್ತು ಗ್ರಾಂ ಅಣಬೆಯನ್ನು ಖೀಮಾದ ಕಾಳಿನಷ್ಟೇ ಸಣ್ಣಗೆ ಹೆಚ್ಚಿಕೊಳ್ಳಿ. ಒಂದು ದೊಡ್ಡ ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ಟೊಮೆಟೊ ಹೆಚ್ಚಿ ಪಕ್ಕಕ್ಕಿಡಿ. ಬೇಯಿಸಿದ ರಾಜ್ಮಾ ಅಥವಾ ಬೇರೆ ಯಾವುದೇ ಕಾಳು ಒಂದೂವರೆ ಕಪ್, ಬೇಯಿಸಿದ ನೀರೂ ಸ್ವಲ್ಪ ಇರಲಿ.

ಬಾಣಲೆ ಅಗಲವಿರಬೇಕು, ಮೂವತ್ತು ಸೆಂಟಿಮೀಟರಿಗೆ ಕಡಿಮೆ ಬೇಡ. ದಪ್ಪ ತಳದ ಕಬ್ಬಿಣದ್ದಾದರೆ ಒಳ್ಳೆಯದು. ಅಣಬೆಯನ್ನು ಮೊದಲು ಎಣ್ಣೆಯಿಲ್ಲದೆ ಹಾಕಿ. ಐದಾರು ನಿಮಿಷದಲ್ಲಿ ನೀರು ಬಿಟ್ಟು, ಆ ನೀರು ಇಂಗಿ, ಚಿರಚಿರ ಸದ್ದು ಶುರುವಾಗುತ್ತದೆ. ಆಗ ತೆಗೆದಿಡಿ. ಅಣಬೆ, ಮಾಂಸ ಒಟ್ಟಿಗೆ ಹಾಕಿದರೆ ಅಣಬೆಯ ನೀರಿನಲ್ಲಿ ಮಾಂಸ ಬೇಯುತ್ತದೆ, ಹುರಿಯುವುದಿಲ್ಲ. ಬಾಣಲೆಯಲ್ಲಿ ನೀರಿರುವವರೆಗೆ ಕಾವು ನೂರು ಡಿಗ್ರಿ ದಾಟದು, ಕಂದು ಬಣ್ಣಕ್ಕೆ ಅದಕ್ಕಿಂತ ಬಹಳ ಮೇಲೆ ಹೋಗಬೇಕು. ಬೂದು ಬಣ್ಣದ ಖೀಮಾ ಎಲ್ಲಿ ಕಂಡರೂ ಕಾರಣ ಇದೇ.

ಉರಿ ಜೋರು ಮಾಡಿ, ಬಾಣಲೆಯಿಂದ ಸಣ್ಣ ಹೊಗೆ ಏಳುವಾಗ ಒಂದು ದೊಡ್ಡ ಚಮಚ ಎಣ್ಣೆ. ಖೀಮಾದ ಅರ್ಧವನ್ನು ಮಾತ್ರ ಹಾಕಿ, ಸೌಟಿನಿಂದ ತಟ್ಟಿ ರೊಟ್ಟಿಯಂತೆ ಹರಡಿ. ಆಮೇಲೆ ಸೌಟು ಕೆಳಗಿಡಿ. ಎರಡೂವರೆ ಮೂರು ನಿಮಿಷ ಮುಟ್ಟಬಾರದು. ಕೈ ತುರಿಸುತ್ತದೆ, ಆದರೂ ಮುಟ್ಟಬೇಡಿ. ಮೊದಲು ಬುಸಬುಸ ಹಬೆ, ನಂತರ ಸದ್ದು ಬದಲಾಗಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂತೆ ಕೇಳುತ್ತದೆ. ಅಂಚು ಎತ್ತಿ ನೋಡಿ, ತಳ ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂದಿದ್ದರೆ ನಾಲ್ಕು ತುಂಡು ಮಾಡಿ ಮಗುಚಿ, ಒಂದು ನಿಮಿಷ ಬಿಟ್ಟು, ಒಳಗೆ ಇನ್ನೂ ಕೆಂಪಿರುವಾಗಲೇ ತಟ್ಟೆಗೆ ತೆಗೆಯಿರಿ. ಇನ್ನರ್ಧಕ್ಕೂ ಇದೇ, ಹೊಸ ಎಣ್ಣೆ ಬೇಡ. ಒಂದೇ ಬದಿ ಕಂದಾದರೆ ಸಾಕು. ಎರಡೂ ಬದಿ ಕಂದು ಮಾಡಲು ಹೋದರೆ ಉಳಿಸಿದ ನೀರೆಲ್ಲ ಹೋಯಿತು. ಅರ್ಧ ಬೆಂದ ಮಾಂಸ ತೆಗೆದಿಟ್ಟ ತಟ್ಟೆಯಲ್ಲಿ ಮತ್ತೆ ಊಟ ಬಡಿಸಬೇಡಿ, ಅದು ನೇರ ತೊಳೆಯಲು ಹೋಗಲಿ.

ಅದೇ ಬಾಣಲೆಗೆ ಉಳಿದ ಅರ್ಧ ಚಮಚ ಎಣ್ಣೆ, ಈರುಳ್ಳಿ, ಉಪ್ಪು. ಈರುಳ್ಳಿ ಬಿಡುವ ನೀರು ತಳಕ್ಕೆ ಹಿಡಿದ ಕಂದನ್ನು ಕೆರೆದು ತರುತ್ತದೆ. ಬಾಡಿದ ಮೇಲೆ ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಅದು ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ. ಒಂದೂವರೆ ಟೀ ಚಮಚ ಜೀರಿಗೆ ಪುಡಿ, ಖಾರದ ಪುಡಿ ನಿಮ್ಮ ನಾಲಿಗೆಗೆ ಬಿಟ್ಟಿದ್ದು. ಟೊಮೆಟೊ, ಕಾಳು, ಕಾಲು ಕಪ್ ಕಾಳಿನ ನೀರು ಹಾಕಿ ನಾಲ್ಕು ನಿಮಿಷ ಕುದಿಸಿ ಗಟ್ಟಿ ಮಾಡಿ. ಅಣಬೆ ಸೇರಿಸಿ. ಎಲ್ಲ ಹದವಾದ ಮೇಲೆ ಕೊನೆಗೆ ಖೀಮಾ, ತಟ್ಟೆಯಲ್ಲಿ ಇಳಿದ ರಸದ ಸಮೇತ. ಕುದಿಯುವ ಮಸಾಲೆಯಲ್ಲಿ ಎರಡು ನಿಮಿಷ, ಹೆಚ್ಚೆಂದರೆ ಮೂರು. ಒಲೆ ಆರಿಸಿ ಒಂದು ಚಮಚ ಸೋಯಾ ಸಾಸ್, ಅರ್ಧ ನಿಂಬೆ. ಹುಳಿ ಕೊನೆಯಲ್ಲೇ ಬೀಳಬೇಕು. ಕೊನೆಯಲ್ಲಿ ನಾನು ಹಾಕುವ ಒಂದು ಪುಡಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಪ್ಪಗಿರುತ್ತದೆ, ಕಹಿಯಿರುತ್ತದೆ, ಸಿಹಿ ತಿಂಡಿ ಮಾಡುವವರ ಕಪಾಟಿನಲ್ಲಿ ಸಿಗುತ್ತದೆ. ಇಷ್ಟು ಸಾಕು.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಬೇಡಿ. ಸೋಡಾ ಹಾಕಿದ ಖೀಮಾ ಪೂರ್ತಿ ಬೆಂದರೂ ನಸುಗೆಂಪಾಗಿ ಉಳಿಯಬಹುದು, ಆ ಗುಲಾಬಿ ಬಣ್ಣಕ್ಕೆ ಹೆದರಿ ಇನ್ನೈದು ನಿಮಿಷ ಕಾಯಿಸಿ ಕೆಡಿಸಿದ ಬಾಣಲೆಗಳು ಎಷ್ಟೋ. ಥರ್ಮಾಮೀಟರ್ ಕಡ್ಡಿಯನ್ನು ದೊಡ್ಡ ಗಡ್ಡೆಯ ಮಧ್ಯಕ್ಕೆ ಚುಚ್ಚಿ. 71 ಡಿಗ್ರಿ ಸೆಲ್ಸಿಯಸ್ ಬಂದಿರಲೇಬೇಕು. ಇಡೀ ತುಂಡನ್ನು ಒಳಗೆ ಕೆಂಪಾಗಿ ಬಿಟ್ಟು ತಿನ್ನುವವರು ಖೀಮಾಕ್ಕೂ ಆ ಶೋಕಿ ತರಬೇಡಿ. ತುಂಡಿನ ಹೊರಮೈಯಲ್ಲಿದ್ದ ಸೂಕ್ಷ್ಮಾಣು ಅರೆಯುವಾಗ ಒಳಗೆಲ್ಲ ಸೇರಿರುತ್ತದೆ. 78 ದಾಟಿದರೆ ಪಿತ್ತಜನಕಾಂಗದಂಥ ಒಗರು ಶುರು. ನನ್ನದು 72, 73ರಲ್ಲಿ ನಿಲ್ಲುತ್ತದೆ.

ಕಾಡುಹಂದಿ, ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ, ತಿಂದವರ ಮೈಗೂ ಸೇರುವ ಪರಾವಲಂಬಿ ಹುಳುವಿನ ಭಯವಿದೆ. ಫ್ರೀಜರಿನಲ್ಲಿ ಇಟ್ಟರೆ ಸಾಯುತ್ತದೆ ಎಂದು ನಂಬಬೇಡಿ, ಕಾಡುಪ್ರಾಣಿಗಳಲ್ಲಿರುವ ಕೆಲವು ಜಾತಿ ಹುಳು ಚಳಿಗೆ ಜಗ್ಗುವುದಿಲ್ಲ. ಅಲ್ಲಿ ಥರ್ಮಾಮೀಟರ್ ಇಲ್ಲದೆ ಒಲೆ ಹಚ್ಚುವುದೇ ಬೇಡ.

ನಡುವೆ ಮಾಡಿದ ಪ್ರಯೋಗಗಳು ಬೇಕಾದಷ್ಟು. ಹಾಲಿನಲ್ಲಿ ರಾತ್ರಿಯಿಡೀ ನೆನೆಸಿದ್ದು ವ್ಯರ್ಥ, ಬಸಿದ ಮೇಲೂ ಹಾಲು ಬಾಣಲೆಯಲ್ಲಿ ಸೀದು ಕಹಿಯಾಯಿತು. ವಿನೆಗರ್ ಹಾಕಿದ ಖೀಮಾ ಸೀಮೆಸುಣ್ಣದಂತಾಯಿತು, ಹುಳಿ ಮಾಡುವುದು ಸೋಡಾಕ್ಕೆ ಸರಿಯಾಗಿ ಉಲ್ಟಾ ಕೆಲಸ. ಪ್ರೆಶರ್ ಕುಕ್ಕರಿನಲ್ಲಿ ಎರಡು ವಿಷಲ್ ಹೊಡೆಸಿದ್ದು ಮರಳು ಮರಳಾಗಿತ್ತು. ಅಣಬೆ ಬದಲು ಓಟ್ಸ್ ಅಗ್ಗ, ನಲವತ್ತು ಗ್ರಾಂ ಹಾಕಿದರೆ ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ಗಂಜಿ ಬಾಯಿಗೆ ಬರುತ್ತದೆ. ಪ್ಯಾಟಿಗೆ ಮಾತ್ರ ಓಟ್ಸ್ ಗೆಲ್ಲುತ್ತದೆ: ತುರಿದ ಈರುಳ್ಳಿಯನ್ನು ಹಿಂಡದೆ, ಓಟ್ಸ್ ಜೊತೆ ಕಲಸಿ, ಬೆರಳು ಗಾತ್ರ ದಪ್ಪಕ್ಕೆ ತಟ್ಟಿ, ಮಧ್ಯೆ ಹೆಬ್ಬೆರಳಿನಲ್ಲಿ ಗುಳಿ ಒತ್ತಿ ಬೇಯಿಸಿ. ಗುಳಿ ಇಲ್ಲದಿದ್ದರೆ ಉಬ್ಬಿ ಚೆಂಡಾಗುತ್ತದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಮಾಂಸದ ಬೆಲೆ ಮಾಮೂಲಿ ಖೀಮಾದ ಒಂದೂಮುಕ್ಕಾಲರಿಂದ ಎರಡು ಪಟ್ಟು. ಅಣಬೆ, ಕಾಳು ಸೇರಿ ಅರ್ಧ ಕಿಲೋ ಮಾಂಸ ನಾಲ್ಕು ತಟ್ಟೆ ತುಂಬುವುದರಿಂದ ತಟ್ಟೆಯೊಂದಕ್ಕೆ ಬೀಳುವ ಹೆಚ್ಚುವರಿ ಅಷ್ಟೇನೂ ಇಲ್ಲ. ಪೌಷ್ಟಿಕ ಲೆಕ್ಕದಲ್ಲಿ ಹಸಿ ಜಿಂಕೆ ಮಾಂಸ ನೂರು ಗ್ರಾಂಗೆ 120 ಕ್ಯಾಲೊರಿ, 22–23 ಗ್ರಾಂ ಪ್ರೋಟೀನ್. ಶೇಕಡಾ ಇಪ್ಪತ್ತು ಕೊಬ್ಬಿನ ಗೋಮಾಂಸದ ಖೀಮಾ 250 ಕ್ಯಾಲೊರಿ ದಾಟುತ್ತದೆ. ಎಣ್ಣೆ ಸೇರಿಸಿದರೂ ಅಂತರ ದೊಡ್ಡದೇ.

ಅರೆದ ಖೀಮಾವನ್ನು ಅರ್ಧರ್ಧ ಕಿಲೋ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಾಡಿ ಫ್ರೀಜ್ ಮಾಡಿ. ಉಂಡೆ ಕಟ್ಟಿ ಇಟ್ಟರೆ ಕರಗಲು ದಿನ ಹಿಡಿಯುತ್ತದೆ, ಚಪ್ಪಟೆ ಚೀಲ ತಣ್ಣೀರಿನಲ್ಲಿ ಮುಳುಗಿಸಿದರೆ ಅರ್ಧ ಮುಕ್ಕಾಲು ಗಂಟೆ. ಬಿಸಿನೀರು ಬೇಡ. ಚೀಲದಲ್ಲಿ ಇಳಿದ ಕೆಂಪು ನೀರನ್ನು ಚೆಲ್ಲಿ, ಕಾಗದದ ಟವೆಲ್‌ನಲ್ಲಿ ಒತ್ತಿ ಒರೆಸಿದ ನಂತರವೇ ಸೋಡಾ. ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ. ಮಾಂಸದಲ್ಲಿ ಕಬ್ಬಿಣದಂಶ ಹೆಚ್ಚಿರುವುದರಿಂದ ಇರುವ ಚೂರು ಕೊಬ್ಬೂ ಬೇಗ ಕಮಟಾಗುತ್ತದೆ. ಹಂದಿ ಕೊಬ್ಬು ಬೆರೆಸಿಟ್ಟ ಚೀಲಗಳು ಇನ್ನೂ ಮೊದಲೇ ಕಮಟು ಹಿಡಿದವು, ನಾಲ್ಕು ಕಿಲೋ ಎಸೆದದ್ದೇ ಕೊಬ್ಬು ಬಿಡಲು ಕಾರಣ ಎಂದರೂ ಸರಿ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ 74 ಡಿಗ್ರಿವರೆಗೆ ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ, ಹಬೆಯಲ್ಲಿ ಬಿಸಿಯಾಗಲಿ. ಮೈಕ್ರೊವೇವ್‌ನಲ್ಲಿ ಮುಚ್ಚದೆ ಇಟ್ಟರೆ ಮತ್ತೆ ಹೊಟ್ಟೇ.