ವಿಮಾನದಲ್ಲಿ ಕಾರಿನ ಎಂಜಿನ್: ಕೂಲಂಟ್ ಮೀಟರ್ ಸುಳ್ಳು ಹೇಳದಂತೆ ಕೂರಿಸುವುದು ಹೇಗೆ?

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಸಾವಿರಾರು ಜನ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿದ್ದರೆ ಅದಕ್ಕೆ 'ಎಕ್ಸ್‌ಪೆರಿಮೆಂಟಲ್' ಸರ್ಟಿಫಿಕೇಟ್ ಸಿಗುತ್ತದೆ, ಎಂಜಿನ್ ಯಾವುದು ಅನ್ನೋದು ಕಟ್ಟುವವನ ಇಷ್ಟ. ವಿಮಾನದ ಎಂಜಿನ್ ಬೆಲೆ ಕೇಳಿ ತಲೆ ತಿರುಗಿದವರು ಗುಜರಿಯಿಂದ ಸುಬಾರು ಕಾರಿನ ಇಜೆ22 ಎಂಜಿನ್ ತಂದು ಪ್ರೊಪೆಲರ್ ಕಟ್ಟುತ್ತಾರೆ. ಡೆನ್ವರ್‌ನಲ್ಲಿ ನನ್ನ ವಾರಾಂತ್ಯಗಳು ಇಂಥವರ ಹ್ಯಾಂಗರ್‌ಗಳಲ್ಲೇ ಕಳೆಯುತ್ತವೆ. ವೆಲ್ಡಿಂಗ್ ಚೆನ್ನಾಗಿರುತ್ತದೆ, ಪೇಂಟ್ ಚೆನ್ನಾಗಿರುತ್ತದೆ, ಕೂಲಂಟ್ (ಎಂಜಿನ್ ತಣಿಸುವ ನೀರು) ಎಷ್ಟು ಬಿಸಿ ಅಂತ ಹೇಳುವ ಟೆಂಪರೇಚರ್ ಸೆನ್ಸರ್ ಮಾತ್ರ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತಿರುಪಿರುತ್ತಾರೆ.

ಮೊದಲು ಮೀಟರ್ ಆಯ್ಕೆ. ಕಾರಿನ ಡ್ಯಾಶ್‌ಬೋರ್ಡ್ ಮೀಟರ್ ಬೇಡವೇ ಬೇಡ. ಈಚಿನ ಬಹಳಷ್ಟು ಕಾರುಗಳಲ್ಲಿ ಆ ಮುಳ್ಳು ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಮಧ್ಯದಲ್ಲೇ ಕೂತಿರುತ್ತದೆ, ಗ್ರಾಹಕರು ಗಾಬರಿಯಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ನಿಮಗೆ ಅಂಕಿ ಕಾಣಬೇಕು. ಮೀಟರ್ ಒಂದು ಕಂಪನಿಯದು, ಸೆನ್ಸರ್ ಇನ್ನೊಂದರದು ಅಂತ ಬೆರೆಸಬೇಡಿ, ರೆಸಿಸ್ಟೆನ್ಸ್ ಹೊಂದದಿದ್ದರೆ ಬರುವ ಅಂಕಿಗೆ ಅರ್ಥವೇ ಇಲ್ಲ.

ಇನ್ನು ಜಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸೆನ್ಸರ್ ಕೂರಬೇಕಾದದ್ದು ಎಂಜಿನ್ನಿಂದ ನೀರು ಬಿಸಿಯಾಗಿ ಹೊರಗೆ ಬರುವ ಕಡೆ. ಇಜೆ22ರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳು) ಕೆಳಗೆ ಎರಡೂ ಬದಿಯ ಬಿಸಿ ನೀರು ಬಂದು ಸೇರುವ ಅಡ್ಡ ಪೈಪಿದೆ, ಕಂಪನಿಯವರೇ ಸೆನ್ಸರ್ ಇಟ್ಟಿರುವುದು ಅಲ್ಲೇ. ಕೈ ಹೋಗಲ್ಲ ಅಂತ ರೇಡಿಯೇಟರ್ ಆಚೆ ಬದಿಯ ಹೋಸ್‌ಗೆ ಹಾಕುವವರನ್ನು ನೋಡಿದ್ದೇನೆ. ಅದು ತಣಿದ ಮೇಲಿನ ನೀರು ಸ್ವಾಮಿ, ಎಂಜಿನ್ನಿನ ಸಿಲಿಂಡರ್ ಹೆಡ್ ಕುದಿಯುತ್ತಿದ್ದರೂ ಮೀಟರ್ ಆರಾಮಾಗಿ 75 ಅನ್ನುತ್ತದೆ. ಇನ್ನು ಕೆಲವರು ಪೈಪಿಗೆ T ಆಕಾರದ ಜೋಡಣೆ ಹಾಕಿ, ಅದರ ಮೇಲೊಂದು ಅಡಾಪ್ಟರ್, ಅದರ ಮೇಲಿನ್ನೊಂದು ಅಡಾಪ್ಟರ್ ಪೇರಿಸಿ ತುದಿಯಲ್ಲಿ ಸೆನ್ಸರ್ ಕೂರಿಸುತ್ತಾರೆ. ಆಗ ಸೆನ್ಸರ್ ಮೂತಿ ಹರಿಯುವ ನೀರನ್ನು ಮುಟ್ಟುವುದೇ ಇಲ್ಲ, ಗಲ್ಲಿಯ ಕೊನೆಯಲ್ಲಿ ನಿಂತ ನೀರಿನ ಬಿಸಿ ಹೇಳುತ್ತಿರುತ್ತದೆ, ಅದೂ ತಡವಾಗಿ. ಪೈಪಿನ ಅತಿ ಎತ್ತರದ ಜಾಗವೂ ಬೇಡ, ಗಾಳಿ ಗುಳ್ಳೆ ಬಂದು ಕೂರುವುದು ಅಲ್ಲೇ.

ಯಾಕಿಷ್ಟು ಹೇಳುತ್ತೇನೆ ಅಂದರೆ, ಸೆನ್ಸರ್ ತನಗೆ ತಾಗಿದ್ದರ ಬಿಸಿ ಮಾತ್ರ ಹೇಳುತ್ತದೆ. ಒಬ್ಬ ಗೆಳೆಯ ನೆಲದ ಮೇಲೆ ಎಂಜಿನ್ ಓಡಿಸುತ್ತಿದ್ದ. 95ರಲ್ಲಿದ್ದ ಮುಳ್ಳು 70ಕ್ಕೆ ಇಳಿಯಿತು. 'ನೋಡು, ಹೊಸ ರೇಡಿಯೇಟರ್ ಡಕ್ಟ್ ಹೆಂಗೆ ಕೆಲಸ ಮಾಡ್ತಿದೆ' ಅಂತ ಖುಷಿಯಲ್ಲಿ ಹೆಬ್ಬೆರಳು ಎತ್ತಿದ. ಅಷ್ಟರಲ್ಲಿ ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಕೆಳಗಿಂದ ಸಿಹಿ ವಾಸನೆಯ ಆವಿ. ಹೋಸ್ ಕಿತ್ತು ನೀರೆಲ್ಲ ನೆಲದ ಮೇಲಿತ್ತು, ಸೆನ್ಸರ್ ಬರೀ ಗಾಳಿಯ ಬಿಸಿ ಹೇಳುತ್ತಿತ್ತು.

ಹಾಗಾಗಿ ಮುಂದಿನ ಹಂತ ಕೂಲಂಟ್ ಪ್ರೆಶರ್ ಸೆನ್ಸರ್. ಇದಿಲ್ಲದೆ ಹಾರಬೇಡಿ. ರೇಡಿಯೇಟರ್ ಕ್ಯಾಪ್ ಕೆಲಸ ಕುಕ್ಕರ್ ವೆಯ್ಟ್‌ನದ್ದೇ: ಒತ್ತಡ ಹಿಡಿದಿಟ್ಟು ಕುದಿಯುವ ಮಟ್ಟ ಏರಿಸುವುದು. ಅರ್ಧ ಗ್ಲೈಕಾಲ್ ಅರ್ಧ ನೀರಿನ ಮಿಶ್ರಣ ಕ್ಯಾಪ್ ಇಲ್ಲದೆ ಸಮುದ್ರಮಟ್ಟದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 13 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಕ್ಯಾಪ್ ಇದ್ದರೆ 125ರ ಆಸುಪಾಸು. 10,000 ಅಡಿ ಎತ್ತರದಲ್ಲಿ ಹೊರಗಿನ ಒತ್ತಡ ನಾಲ್ಕೂವರೆ ಪಿಎಸ್‌ಐ ಕಡಿಮೆ, ಅದರಲ್ಲಿ ಐದಾರು ಡಿಗ್ರಿ ಕಳೆದುಕೊಳ್ಳಿ. ಎಂಜಿನ್ ಬಿಸಿಯಿದ್ದೂ ಒತ್ತಡ ಸೊನ್ನೆಗೆ ಬಂದರೆ ನೀರು ಸೋರುತ್ತಿದೆ ಅಂತ. ಇನ್ನೂ ಬಿಸಿಯಾಗುವ ಮೊದಲೇ ಸರ್ರನೆ ಏರಿದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲು) ಮೇಲೆ ಅನುಮಾನ ಪಡಿ. ಸುಬಾರುವಿನದೇ ಹಳೆಯ ಇಜೆ25 ಎಂಜಿನ್ ಈ ಗ್ಯಾಸ್ಕೆಟ್ ಕಾಯಿಲೆಗೆ ಹೆಸರುವಾಸಿ, ಉಚಿತವಾಗಿ ಕೊಟ್ಟರೂ ನಾನಂತೂ ತೆಗೆದುಕೊಳ್ಳಲ್ಲ.

ತಿರುಪುವಾಗ ಥ್ರೆಡ್ ನೋಡಿ. ಜಪಾನಿ ಎಂಜಿನ್‌ಗಳಲ್ಲಿ ಹಲವು ಕಡೆ ಇರುವುದು ಬಿಎಸ್‌ಪಿಟಿ ಅನ್ನುವ ಬ್ರಿಟಿಷ್ ಪೈಪ್ ಥ್ರೆಡ್, 1/8 ಇಂಚಿನ ಅಳತೆಯಲ್ಲಿ ಇಂಚಿಗೆ 28 ಸುತ್ತು. ಅಮೆರಿಕದ ಸೆನ್ಸರ್‌ನಲ್ಲಿ ಅಲ್ಲಿನ ಎನ್‌ಪಿಟಿ ಪೈಪ್ ಥ್ರೆಡ್, ಅದೇ ಅಳತೆಯಲ್ಲಿ ಇಂಚಿಗೆ 27. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಅಲ್ಯೂಮಿನಿಯಂ ಥ್ರೆಡ್ ಕಥೆ ಮುಗಿಯಿತು. ಸರಿಯಾದ ಅಡಾಪ್ಟರ್ ತನ್ನಿ, ಒಂದೇ ಒಂದು, ಗಿಡ್ಡದು. ಬಿಳಿ ಟೇಪ್ ಸುತ್ತುವ ಬದಲು ಪೇಸ್ಟ್ ಸೀಲಂಟ್ ಹಚ್ಚಿ.

ವೈರಿಂಗ್ ಸುಲಭ, ಒಂದು ಮಾತು ಬಿಟ್ಟು: ಒಂಟಿ ವೈರಿನ ಸೆನ್ಸರ್ ತನ್ನ ಮೈಯಿಂದಲೇ ಅರ್ಥ್ ತೆಗೆದುಕೊಳ್ಳುತ್ತದೆ. ನಿಮ್ಮ ವಿಮಾನ ಮರದ್ದೋ ಫೈಬರ್ ಗ್ಲಾಸಿನದ್ದೋ ಆಗಿದ್ದರೆ ಎಂಜಿನ್ನಿಂದ ಮೀಟರ್ ತನಕ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ರೇಡಿಯೊದಲ್ಲಿ ಮಾತಾಡಿದಾಗಲೆಲ್ಲ ಮುಳ್ಳು ಕುಣಿದರೆ ಮೊದಲು ಅರ್ಥ್ ನೋಡಿ, ಸುಮ್ನೆ ಸೆನ್ಸರ್ ಬದಲಿಸಬೇಡಿ.

ಫಿಟ್ ಮಾಡುವ ಮೊದಲೇ ಸೆನ್ಸರ್ ಮೂತಿಯನ್ನು ಕುದಿಯುವ ನೀರಲ್ಲಿ ಅದ್ದಿ ಪರೀಕ್ಷಿಸಬೇಕಿತ್ತು, ಹೇಳಲು ಮರೆತೆ. ಎತ್ತರದ ಊರುಗಳಲ್ಲಿ ನೀರು ನೂರಕ್ಕಿಂತ ಮೊದಲೇ ಕುದಿಯುತ್ತದೆ, ಡೆನ್ವರ್‌ನಲ್ಲಿ 95 ತೋರಿಸಿದರೆ ಸರಿ, ನಮ್ಮ ಬೆಂಗಳೂರಿನ ಅಡುಗೆಮನೆಯಲ್ಲಾದರೆ 97. ನೂರು ಬರಲಿಲ್ಲ ಅಂತ ಒಳ್ಳೆಯ ಸೆನ್ಸರನ್ನು ಅಂಗಡಿಗೆ ವಾಪಸ್ ಮಾಡಿದವರಿದ್ದಾರೆ!

ಟೆಂಪರೇಚರ್‌ಗೊಂದು, ಒತ್ತಡಕ್ಕೊಂದು ದೊಡ್ಡ ಕೆಂಪು ದೀಪ ಕಣ್ಣೆದುರೇ ಹಾಕಿಸಿ. ಟೇಕಾಫ್ ಹೊತ್ತಿನಲ್ಲಿ ಯಾರೂ ಮೀಟರ್ ನೋಡಲ್ಲ, ಎಂಜಿನ್ ಜಾಸ್ತಿ ಬಿಸಿಯಾಗುವುದೂ ಆಗಲೇ. ಟೆಂಪರೇಚರ್ 105 ದಾಟಿದರೆ, ಒತ್ತಡ 4 ಪಿಎಸ್‌ಐಗಿಂತ ಇಳಿದರೆ ಹತ್ತುವಂತೆ ನಾನು ಇಡುತ್ತೇನೆ. ಎಂಜಿನ್ ಕಾಯುವ ತನಕ ಒತ್ತಡದ ದೀಪ ಉರಿಯುತ್ತಲೇ ಇರುತ್ತದೆ, ಇರಲಿ ಬಿಡಿ, ಅದು ಆರದೆ ಟೇಕಾಫ್ ಇಲ್ಲ.

ಕೊನೆಗೆ ಕೂಲಂಟ್ ಪೈಪುಗಳಲ್ಲಿನ ಗಾಳಿ ಪೂರ್ತಿ ತೆಗೆದು, ಮೂಗು ಎತ್ತಿ ನಿಲ್ಲಿಸಿ, ನೆಲದ ಮೇಲೆ ಓಡಿಸಿ ನೋಡಿ. ಆಫ್ ಮಾಡಿದ ಮೇಲೆ ಮುಳ್ಳು ಇನ್ನೂ ಕೆಲವು ಡಿಗ್ರಿ ಏರುತ್ತದೆ. ಗಾಬರಿ ಬೇಡ, ನೀರು ಹರಿಯುವುದು ನಿಂತಿದೆ, ಅಷ್ಟೇ. ಆಗ ಮಾತ್ರ ಕ್ಯಾಪ್ ತೆಗೆಯಲು ಹೋಗಬೇಡಿ, ಒಂದು ಗಂಟೆ ಬಿಟ್ಟು ಬನ್ನಿ.